ಡಿಪ್ಲೊಮಾದಿಂದ ಬಿಇಗೆ: ನನ್ನ ಮೂರನೆಯ ಸೆಮಿಸ್ಟರ್

2016ರಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನಾನು ಪಿಯುಸಿಗೆ ಹೋಗದೆ, ಹಾಸನ ಜಿಲ್ಲೆಯ ಸರ್ಕಾರಿ ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾಕ್ಕೆ ಸೇರಿದೆ. ಮೂರು ವರ್ಷಕ್ಕೆ ಕೈಗೊಂದು ಕೆಲಸ ಹತ್ತುತ್ತದೆ ಎಂಬುದು ಮನೆಯವರ ಲೆಕ್ಕಾಚಾರವಾಗಿತ್ತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ನೇರವಾಗಿ ಬಿಇ ಎರಡನೆಯ ವರ್ಷಕ್ಕೆ, ಅಂದರೆ ಮೂರನೆಯ ಸೆಮಿಸ್ಟರಿಗೆ, ಸೇರಬಹುದೆಂಬುದು ನನಗೆ ಗೊತ್ತಾದದ್ದು ಐದನೆಯ ಸೆಮಿಸ್ಟರಿನಲ್ಲಿ, ಹಳೆಯ ವಿದ್ಯಾರ್ಥಿಯೊಬ್ಬರು ಅಂಕಪಟ್ಟಿ ಒಯ್ಯಲು ಕಾಲೇಜಿಗೆ ಬಂದಿದ್ದಾಗ.

ಡಿಸಿಇಟಿ ನನಗೆ ಅಷ್ಟು ಕಷ್ಟವಾಗಲಿಲ್ಲ. ಈಗಿನಂತೆ ಎಲ್ಲ ಶಾಖೆಗಳಿಗೂ ಒಂದೇ ಪತ್ರಿಕೆ ಆಗ ಇರಲಿಲ್ಲ. ನಮ್ಮ ಶಾಖೆಯ ವಿಷಯಗಳ ಪ್ರಶ್ನೆಗಳೇ ಹೆಚ್ಚಾಗಿದ್ದುದರಿಂದ ಡಿಪ್ಲೊಮಾ ಪಠ್ಯಗಳನ್ನೇ ಎರಡು ಸಲ ಓದಿಕೊಂಡೆ. 2019ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಬೆಂಗಳೂರಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು.

ಅಲ್ಲಿ ನಮ್ಮನ್ನು ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆಯಾದ ಯುಎಸ್‌ಎನ್ ನೋಡಿಯೇ ಗುರುತಿಸುತ್ತಿದ್ದರು. ಸಹಪಾಠಿಗಳ ಸಂಖ್ಯೆಯಲ್ಲಿ ಸೇರಿದ ವರ್ಷವಾಗಿ 18 ಇದ್ದರೆ ನಮ್ಮದರಲ್ಲಿ 19 ಇರುತ್ತಿತ್ತು, ಕೊನೆಯ ಮೂರು ಅಂಕಿಗಳು 400ರಿಂದ ಶುರುವಾಗುತ್ತಿದ್ದವು. ಹಾಜರಿ ಕೂಗುವಾಗ ನಮ್ಮ ಸರದಿ ಬರುತ್ತಿದ್ದದ್ದು ಎಲ್ಲರ ಹೆಸರು ಮುಗಿದ ಮೇಲೆ. ಆದರೆ ಡಾಟಾ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ ನಾವು ಹಿಂದೆ ಬೀಳಲಿಲ್ಲ. ಲಿಂಕ್ಡ್ ಲಿಸ್ಟಿನ, ಅಂದರೆ ಒಂದರಿಂದೊಂದಕ್ಕೆ ಕೊಂಡಿಯಿರುವ ಮಾಹಿತಿ ಸರಪಳಿಯ, ಮೊದಲ ನೋಡ್ ಅಳಿಸುವಾಗ ಹೆಡ್ ಪಾಯಿಂಟರನ್ನು ಮುಂದಕ್ಕೆ ಸರಿಸದೆ ಫ್ರೀ ಮಾಡಿದರೆ ಏನಾಗುತ್ತದೆ ಎಂಬುದು ಡಿಪ್ಲೊಮಾ ಲ್ಯಾಬಿನಲ್ಲೇ ಅನುಭವಕ್ಕೆ ಬಂದಿತ್ತು, ಹಾಗಾಗಿ ಪಕ್ಕದ ಬೆಂಚಿನವರು ನಮ್ಮನ್ನೇ ಕೇಳುತ್ತಿದ್ದರು.

ನಾನು ಎಡವಿದ್ದು ಗಣಿತದಲ್ಲಿ. ಮೂರನೆಯ ಸೆಮಿಸ್ಟರಿನ ಗಣಿತ, ಅನುಕಲನದ (ಇಂಟಿಗ್ರೇಷನ್) ಮೂಲಕ ಒಂದು ಫಲನವನ್ನು ಇನ್ನೊಂದಾಗಿ ಬದಲಿಸುವ ಲಾಪ್ಲಾಸ್ ಪರಿವರ್ತನೆಯಿಂದಲೇ ಆರಂಭವಾಗುತ್ತಿತ್ತು, ಅದರ ಬೆನ್ನಿಗೇ ಫೋರಿಯರ್ ಶ್ರೇಣಿ. ಉಳಿದವರು ಪಿಯುಸಿಯ ಎರಡು ವರ್ಷ ಮತ್ತು ಬಿಇ ಮೊದಲ ವರ್ಷದುದ್ದಕ್ಕೂ ಕ್ಯಾಲ್ಕುಲಸ್ ಮಾಡಿ ಬಂದಿದ್ದರು. ನಾನು ಡಿಪ್ಲೊಮಾ ಮೊದಲ ವರ್ಷದಲ್ಲಿ ಕಲಿತ ಅನುಕಲನವನ್ನು ಆಮೇಲೆ ಎರಡು ವರ್ಷ ಮುಟ್ಟಿಯೇ ಇರಲಿಲ್ಲ. ಮೊದಲ ಇಂಟರ್ನಲ್ಸ್‌ನಲ್ಲಿ ಮೂವತ್ತಕ್ಕೆ ಏಳು ಬಂತು. ಉತ್ತರಪತ್ರಿಕೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ, ಲಾಪ್ಲಾಸಿನ ವ್ಯಾಖ್ಯಾನವನ್ನು ಸರಿಯಾಗಿಯೇ ಬರೆದಿದ್ದೆ. ನಿಂತುಹೋಗಿದ್ದದ್ದು ಅದರ ಮುಂದಿನ ಸಾಲಿನಲ್ಲಿ: ಭಾಗಶಃ ಅನುಕಲನ ಮಾಡಿ, ಅನಂತದ ತುದಿಯಲ್ಲಿ ಒಂದು ಪದ ಸೊನ್ನೆಯಾಗುವುದನ್ನು ತೋರಿಸಬೇಕಾದ ಕಡೆ. ನನಗೆ ಬಾರದಿದ್ದದ್ದು ಲಾಪ್ಲಾಸ್ ಅಲ್ಲ, ಅದಕ್ಕೂ ಹಿಂದಿನ ಪಾಠ.

ಆ ಹಿಂದಿನ ಪಾಠಕ್ಕೆಂದೇ ಲ್ಯಾಟರಲ್ ಎಂಟ್ರಿ ವಿದ್ಯಾರ್ಥಿಗಳಿಗೆ, ಅಂದರೆ ನಮ್ಮಂತೆ ನೇರ ಎರಡನೆಯ ವರ್ಷಕ್ಕೆ ಸೇರಿದವರಿಗೆ, ಹೆಚ್ಚುವರಿ ಗಣಿತವೆಂಬ ವಿಷಯವಿತ್ತು. ಎಲ್ಲರೂ ಅದನ್ನು ಮ್ಯಾಟ್‌ಡಿಪ್ ಎನ್ನುತ್ತಿದ್ದೆವು. ಸದಿಶಗಳು, ಅವಕಲನ, ಅನುಕಲನ, ಅವಕಲ ಸಮೀಕರಣಗಳು ಎಲ್ಲವೂ ಅದರಲ್ಲಿದ್ದವು. ಅದಕ್ಕೆ ಕ್ರೆಡಿಟ್ ಇರಲಿಲ್ಲ, ಒಟ್ಟು ಸರಾಸರಿಯಾದ ಸಿಜಿಪಿಎಗೆ ಅದರ ಅಂಕ ಸೇರುತ್ತಿರಲಿಲ್ಲ, ಆದರೆ ಪಾಸಾಗದೆ ಪದವಿ ಸಿಗುತ್ತಿರಲಿಲ್ಲ. ಕ್ರೆಡಿಟ್ ಇಲ್ಲವೆಂಬ ಒಂದೇ ಕಾರಣಕ್ಕೆ ನಮ್ಮಲ್ಲಿ ಬಹಳ ಮಂದಿ ಅದನ್ನು ಕೊನೆಯ ವಾರಕ್ಕೆ ತಳ್ಳುತ್ತಿದ್ದರು, ನಾನೂ ತಳ್ಳಿದ್ದೆ. ಇದು ದೊಡ್ಡ ತಪ್ಪೆಂದು ಇವತ್ತಿಗೂ ನಂಬಿದ್ದೇನೆ. ಡಿಪ್ಲೊಮಾದಿಂದ ಬಂದವರಿಗೆ ಆ ವರ್ಷ ಅದಕ್ಕಿಂತ ಮುಖ್ಯವಾದ ವಿಷಯ ಬೇರೊಂದಿಲ್ಲ.

ಇಂಟರ್ನಲ್ಸ್ ಆದ ವಾರದಿಂದ ಕ್ರಮ ಬದಲಿಸಿದೆ. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ, ಹಾಸ್ಟೆಲಿನಲ್ಲಿ ಸ್ನಾನಕ್ಕೆ ಸಾಲು ಶುರುವಾಗುವ ಮುಂಚೆ, ಮ್ಯಾಟ್‌ಡಿಪ್ ಮಾತ್ರ. ದಿನಕ್ಕೆ ಹತ್ತು ಅನುಕಲನ, ಒಂದು ಹೆಜ್ಜೆಯನ್ನೂ ಬಿಡದೆ, ಉತ್ತರ ನೋಡದೆ. ತಪ್ಪಿದ್ದನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟು ಭಾನುವಾರ ಮತ್ತೆ ಮಾಡುತ್ತಿದ್ದೆ. ಆರು ವಾರ ಕಳೆಯುವಷ್ಟರಲ್ಲಿ ತರಗತಿಯ ಕಪ್ಪುಹಲಗೆಯ ಮೇಲಿನ ಸಾಲುಗಳು ಕಣ್ಣಿಗೆ ಸಿಗತೊಡಗಿದವು. ಸೆಮಿಸ್ಟರ್ ಪರೀಕ್ಷೆಯಲ್ಲಿ ಎರಡೂ ಗಣಿತಗಳು ಒಂದೇ ಸಲಕ್ಕೆ ಪಾಸಾದವು.

2022ರಲ್ಲಿ ಬಿಇ ಮುಗಿಯಿತು. ಈಗ ಚಿಕ್ಕಪ್ಪನ ಮಗಳು ಡಿಪ್ಲೊಮಾ ಕೊನೆಯ ಸೆಮಿಸ್ಟರಿನಲ್ಲಿದ್ದಾಳೆ. ಡಿಸಿಇಟಿಗೆ ಓದುತ್ತಿರುವ ಅವಳಿಗೆ ಅದರ ಜೊತೆಯಲ್ಲೇ ದಿನಕ್ಕೆ ಐದು ಅನುಕಲನ ಮಾಡಲು ಹೇಳಿದ್ದೇನೆ. ಭಾನುವಾರ ಅವಳು ಫೋಟೊ ತೆಗೆದು ಕಳಿಸುತ್ತಾಳೆ. ತಪ್ಪಿದ ಹೆಜ್ಜೆಗೆ ಕೆಂಪು ಗೆರೆ ಎಳೆದು ವಾಪಸ್ ಕಳಿಸುತ್ತೇನೆ.