ಗ್ರೂಪ್‌ನೊಳಗಿದ್ದರೂ ಬಣ್ಣ ಹೊರಗೆ ಸೋರುತ್ತಿತ್ತು: ನನ್ನ ಅನುಭವ

ಫೋಟೋಶಾಪ್‌ನಲ್ಲಿ ಒಬ್ಬರ ಫೋಟೋವನ್ನು ಮಾಸ್ಕ್ (ಬೇಡದ ಭಾಗವನ್ನು ಅಳಿಸದೆ ಮರೆಮಾಡುವ ಪರದೆ) ಹಾಕಿ ಬಿಡಿಸಿ, ಬೇರೆ ಹಿನ್ನೆಲೆಯ ಮೇಲೆ ಕೂರಿಸಿದ್ದೆ. ಮುಖ ತುಸು ನೀಲಿಗೆ ತಿರುಗಿತ್ತು. ಅದನ್ನು ತಿದ್ದಲು ಕರ್ವ್ಸ್ ಅಡ್ಜಸ್ಟ್‌ಮೆಂಟ್ ಲೇಯರ್ (ಬಣ್ಣ, ಬೆಳಕು ತಿದ್ದುವ ಪದರ) ಹಾಕಿದರೆ ಹಿನ್ನೆಲೆಯೂ ಹಳದಿಯಾಗುತ್ತಿತ್ತು. ಇಂಥ ಲೇಯರ್ ತನ್ನ ಕೆಳಗಿರುವ ಎಲ್ಲವನ್ನೂ ಬದಲಿಸುತ್ತದೆ, ನಿಜ. ಅದಕ್ಕೆಂದೇ ವ್ಯಕ್ತಿಯ ಲೇಯರ್‌ಗಳ ಜೊತೆ ಅದನ್ನೂ ಒಂದು ಗ್ರೂಪ್‌ಗೆ (ಲೇಯರ್‌ಗಳ ಕಟ್ಟಿಗೆ) ಹಾಕಿದ್ದೆ. ಆದರೂ ಬಣ್ಣ ಸೋರುತ್ತಿತ್ತು.

ಕಾರಣ ಗ್ರೂಪ್‌ನ ಬ್ಲೆಂಡ್ ಮೋಡ್, ಅಂದರೆ ಅದು ಕೆಳಗಿನ ಲೇಯರ್‌ಗಳೊಂದಿಗೆ ಬೆರೆಯುವ ರೀತಿ. ಹೊಸ ಗ್ರೂಪ್ ‘ಪಾಸ್ ಥ್ರೂ’ನಲ್ಲಿರುತ್ತದೆ, ಒಳಗಿನ ಪರಿಣಾಮ ಗ್ರೂಪ್ ದಾಟಿ ಕೆಳಕ್ಕೂ ಇಳಿಯುತ್ತದೆ. ‘ನಾರ್ಮಲ್’ ಮಾಡಿದ ಕೂಡಲೇ ಹಿನ್ನೆಲೆ ಮೊದಲಿನಂತಾಯಿತು. ತಿದ್ದಬೇಕಾದದ್ದು ಒಂದೇ ಲೇಯರ್ ಆಗಿದ್ದರೆ ಗ್ರೂಪೇ ಬೇಡ: ಆಲ್ಟ್ ಒತ್ತಿಕೊಂಡು ಎರಡು ಲೇಯರ್‌ಗಳ ನಡುವಿನ ಗೆರೆಯ ಮೇಲೆ ಕ್ಲಿಕ್ ಮಾಡಿದರೆ ಕ್ಲಿಪ್ಪಿಂಗ್ ಮಾಸ್ಕ್ ಸಿದ್ಧ, ಮೇಲಿನ ಲೇಯರ್‌ನ ಪರಿಣಾಮ ಕೆಳಗಿನ ಆ ಒಂದಕ್ಕೇ ಸೀಮಿತ.

ಅಷ್ಟಕ್ಕೇ ಮುಗಿಯಲಿಲ್ಲ. ಮೂಲ ಫೋಟೋದಿಂದಲೇ ಎತ್ತಿಕೊಂಡ ನೆರಳು ಗ್ರೂಪ್ ಒಳಗೆ ‘ಮಲ್ಟಿಪ್ಲೈ’ನಲ್ಲಿತ್ತು (ಕೆಳಗಿನದನ್ನು ಗಾಢವಾಗಿಸುವ ಬ್ಲೆಂಡ್ ಮೋಡ್). ಗ್ರೂಪ್ ನಾರ್ಮಲ್ ಆದದ್ದೇ ತಡ, ಅದು ಹಿನ್ನೆಲೆಯೊಂದಿಗೆ ಬೆರೆಯುವುದು ನಿಂತು ಬೂದು ಮಚ್ಚೆಯಾಗಿ ಕೂತಿತು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ! ನೆರಳನ್ನು ಗ್ರೂಪ್‌ನಿಂದ ಹೊರತೆಗೆದು ಅದರ ಕೆಳಗಿಟ್ಟೆ, ಸರಿಹೋಯಿತು.

ಕೂದಲಂಚಿನ ಗಡಸಿಗೆ ಬ್ರಷ್ ಮುಟ್ಟಲಿಲ್ಲ. ಪ್ರಾಪರ್ಟೀಸ್ ಪ್ಯಾನೆಲ್‌ನಲ್ಲಿ ಮಾಸ್ಕ್‌ನ ಅಂಚನ್ನು ಮೃದುಗೊಳಿಸುವ ಫೆದರ್ ಸ್ಲೈಡರ್ ಸಾಕಾಯಿತು. ಬೇಡವೆನಿಸಿದರೆ ಯಾವಾಗ ಬೇಕಾದರೂ ಸೊನ್ನೆಗೆ ತರಬಹುದು. ಚಿತ್ರದ ಗಾತ್ರ ಇಳಿಸುವ ಮುನ್ನ ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಚಿತ್ರವನ್ನು ಒಳಗೆ ಹಾಗೇ ಉಳಿಸಿಕೊಳ್ಳುವ ಲೇಯರ್) ಮಾಡಿಕೊಂಡಿದ್ದರಿಂದ, ಆಮೇಲೆ ಮೂಲ ಅಳತೆಗೆ ಹಿಗ್ಗಿಸಿದಾಗಲೂ ವಿವರ ಕೆಡಲಿಲ್ಲ.