ನನ್ನ ಉದ್ದ ತೊಡೆಗೆ ಒಗ್ಗಿದ ಸ್ಕ್ವಾಟ್, ಒಗ್ಗಿದ ಡೆಡ್‌ಲಿಫ್ಟ್

ನನ್ನ ಎತ್ತರ ಆರಡಿ ಒಂದಿಂಚು. ಅದರಲ್ಲಿ ಜಾಸ್ತಿ ಪಾಲು ತೊಡೆಗೇ ಹೋಗಿದೆ. ಬಸ್ಸಿನಲ್ಲಿ ಕೂತರೆ ಮಂಡಿ ಮುಂದಿನ ಸೀಟಿಗೆ ಒತ್ತುತ್ತದೆ. ಇದಕ್ಕೂ ಜಿಮ್ಮಿಗೂ ಸಂಬಂಧ ಇದೆ ಅಂತ ಗೊತ್ತಾಗಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಶುರುವಿನಲ್ಲಿ ಎಲ್ಲರ ಹಾಗೆ ಸೋಮವಾರ ಬ್ಯಾಕ್ ಸ್ಕ್ವಾಟ್, ಅಂದರೆ ತುದಿಗಳಿಗೆ ತೂಕದ ಪ್ಲೇಟ್ ಹಾಕಿದ ಕಬ್ಬಿಣದ ಸರಳನ್ನು (ಬಾರ್) ಬೆನ್ನಿನ ಮೇಲ್ಭಾಗದಲ್ಲಿ ಹೊತ್ತು ಕೂತು ಏಳುವುದು. ಗುರುವಾರ ಮಾಮೂಲಿ ಡೆಡ್‌ಲಿಫ್ಟ್, ಅಂದರೆ ಬಾರನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು. ಸ್ಕ್ವಾಟ್ 80 ಕೆಜಿಗೆ ಬಂದು ನಿಂತುಬಿಟ್ಟಿತು. ತೊಡೆ ಸುಸ್ತಾಗುವ ಮೊದಲೇ ಸೊಂಟ ಸೋಲುತ್ತಿತ್ತು. ಗುರುವಾರ ಬಂದರೂ ಆ ಬಿಗಿತ ಇಳಿದಿರುತ್ತಿರಲಿಲ್ಲ, ಅದರ ಮೇಲೆಯೇ ಡೆಡ್‌ಲಿಫ್ಟ್. ಶುಕ್ರವಾರ ಶೂ ಲೇಸ್ ಕಟ್ಟಲು ಗೋಡೆ ಹಿಡಿಯಬೇಕಿತ್ತು. ಆಗ ಹೇಳಿಕೊಡುತ್ತಿದ್ದ ಟ್ರೈನರ್‌ದು ಎರಡೇ ಮಾತು: ಮಂಡಿ ಕಾಲ್ಬೆರಳು ದಾಟಬಾರದು, ಎದೆ ಎತ್ತಿರಬೇಕು. ಮಂಡಿ ತಡೆದರೆ ಎದೆ ಬೀಳುತ್ತಿತ್ತು. ಎದೆ ಎತ್ತಿದರೆ ನಾನೇ ಹಿಂದಕ್ಕೆ ಬೀಳುತ್ತಿದ್ದೆ.

ಒಂದು ಸಂಜೆ ಫೋನನ್ನು ನೀರಿನ ಬಾಟಲಿಗೆ ಒರಗಿಸಿ ಪಕ್ಕದಿಂದ ವಿಡಿಯೊ ತೆಗೆದೆ. ಪೂರ್ತಿ ಕೆಳಗಿಳಿದ ಜಾಗದಲ್ಲಿ ನಿಲ್ಲಿಸಿ ನೋಡಿದರೆ, ಬಾವಿಯಲ್ಲಿ ಬಿದ್ದ ಕೊಡ ಹುಡುಕುವವನ ಹಾಗೆ ಬಗ್ಗಿದ್ದೆ. ಡೆಡ್‌ಲಿಫ್ಟ್ ವಿಡಿಯೊ ಪಕ್ಕಕ್ಕಿಟ್ಟೆ. ಬಾರ್ ಇರುವ ಜಾಗ ಬಿಟ್ಟರೆ ಎರಡೂ ಹೆಚ್ಚುಕಡಿಮೆ ಒಂದೇ ಚಿತ್ರ! ಅಂದರೆ ವಾರಕ್ಕೆ ಎರಡು ಸಲ ಡೆಡ್‌ಲಿಫ್ಟನ್ನೇ ಮಾಡಿ, ಒಂದನ್ನು ಸುಮ್ನೆ ಸ್ಕ್ವಾಟ್ ಅಂತ ಕರೆಯುತ್ತಿದ್ದೆ.

ಲೆಕ್ಕ ಸರಳ. ಬಾರ್ ಪಾದದ ನಡುಭಾಗದ ನೇರಕ್ಕೇ ಇರಬೇಕು, ಇಲ್ಲದಿದ್ದರೆ ಆಯ ತಪ್ಪುತ್ತದೆ. ತೊಡೆ ಉದ್ದ ಇದ್ದವರು ಕೂರುವಾಗ ಕುಂಡೆ ತುಂಬ ಹಿಂದೆ ಹೋಗುತ್ತದೆ, ಅದನ್ನು ತೂಗಿಸಲು ಬೆನ್ನು ಮುಂದೆ ಬಾಗುತ್ತದೆ. ಬಾಗುವುದು ಕಡಿಮೆ ಆಗಬೇಕಾದರೆ ಮಂಡಿಯೇ ಮುಂದೆ ಹೋಗಬೇಕು. 2003ರಲ್ಲಿ ಅಮೆರಿಕದ ಆಂಡ್ರ್ಯೂ ಫ್ರೈ ಮತ್ತು ಜೊತೆಗಾರರು ಮಂಡಿಯ ಮುಂದೆ ಹಲಗೆ ಅಡ್ಡ ಇಟ್ಟು ಸ್ಕ್ವಾಟ್ ಮಾಡಿಸಿ ಅಳೆದರು. ಮಂಡಿಯ ಹೊರೆ ಐದನೇ ಒಂದು ಪಾಲಿನಷ್ಟು ಇಳಿಯಿತು, ತೊಡೆ ಸೊಂಟಕ್ಕೆ ಸೇರುವ ಕೀಲಿನ ಹೊರೆ ಹತ್ತು ಪಟ್ಟಾಯಿತು. ಏಳೇ ಜನರ ಮೇಲೆ ಮಾಡಿದ್ದು, ಸರಿ. ಆದರೆ ನಮ್ಮ ಗರಡಿಯಲ್ಲಿ ಬಸ್ಕಿ ಹೊಡೆಯುವವರನ್ನೇ ನೋಡಿ. ಹಿಮ್ಮಡಿ ಎದ್ದಿರುತ್ತದೆ, ಮಂಡಿ ಬೆರಳು ದಾಟಿ ಎಷ್ಟೋ ಮುಂದಿರುತ್ತದೆ, ಬೆನ್ನು ನೆಟ್ಟಗೆ. ಪೈಲ್ವಾನರು ಅದನ್ನು ನೂರುಗಟ್ಟಲೆ ಹೊಡೆಯುತ್ತಾರೆ, ಅಲ್ವಾ?

ಹಾಗಾಗಿ ಫ್ರಂಟ್ ಸ್ಕ್ವಾಟ್‌ಗೆ ಬಂದೆ. ಇದರಲ್ಲಿ ಬಾರ್ ಕುತ್ತಿಗೆಯ ಮುಂದೆ, ಭುಜದ ಮೇಲೆ ಕೂರುತ್ತದೆ. ಜಾಸ್ತಿ ಬಾಗಿದರೆ ಬಾರ್ ಉರುಳಿ ಬೀಳುತ್ತದೆ, ಮೋಸ ಮಾಡಲು ದಾರಿಯೇ ಇಲ್ಲ. ಬರೀ 30 ಕೆಜಿಯಿಂದ ಶುರು ಮಾಡಿದೆ. ಪಕ್ಕದ ಹುಡುಗರು ನಕ್ಕರು. ಮೊದಲ ತೊಂದರೆ ಮಣಿಕಟ್ಟು, ಅಷ್ಟು ಹಿಂದಕ್ಕೆ ಮಡಚುತ್ತಿರಲಿಲ್ಲ. ಬಾರ್‌ಗೆ ಎರಡು ಲಿಫ್ಟಿಂಗ್ ಸ್ಟ್ರಾಪ್ (ಗಟ್ಟಿ ಬಟ್ಟೆಯ ಪಟ್ಟಿ) ಸುತ್ತಿ, ಅವುಗಳ ತುದಿ ಹಿಡಿದು ಮೊಣಕೈ ಎತ್ತಿದೆ, ಸರಿಹೋಯಿತು. ಎರಡನೆಯದು ಹಿಮ್ಮಡಿ. ಅರ್ಧ ಇಳಿಯುವಷ್ಟರಲ್ಲಿ ನೆಲ ಬಿಡುತ್ತಿತ್ತು. ಹಿಮ್ಮಡಿ ಎತ್ತರ ಇರುವ ವೇಟ್‌ಲಿಫ್ಟಿಂಗ್ ಶೂಗೆ ಅಷ್ಟು ದುಡ್ಡು ಹಾಕಲು ಮನಸ್ಸಾಗಲಿಲ್ಲ. ಬೀದಿಯ ಬಡಗಿ ಹತ್ತಿರ ಎರಡು ಸೆಂಟಿಮೀಟರ್ ದಪ್ಪದ, ಬೆರಳಿನ ಕಡೆಗೆ ಇಳಿಜಾರಾದ ಒಂದು ಹಲಗೆ ಮಾಡಿಸಿದೆ. ಹಿಮ್ಮಡಿ ಅದರ ಮೇಲಿಟ್ಟು ಕೂತ ಮೊದಲ ದಿನ ತೊಡೆಯ ಮುಂಭಾಗ ಹೇಗೆ ಉರಿಯಿತು ಅಂದರೆ, ಮರುದಿನ ಮೆಟ್ಟಿಲನ್ನು ಅಡ್ಡಡ್ಡ ಇಳಿದೆ. ಸೊಂಟ ಮಾತ್ರ ಹಗುರವಾಗಿತ್ತು. ಎಂಟು ತಿಂಗಳಿಗೆ 75 ಕೆಜಿಯಲ್ಲಿ ಐದು ರೆಪ್ (ಬಿಡದೆ ಐದು ಸಲ) ಬಂತು. ಅಂಥಾ ದೊಡ್ಡ ತೂಕ ಅಲ್ಲ. ಆದರೆ ಎತ್ತಿದ್ದು ತೊಡೆ.

ಡೆಡ್‌ಲಿಫ್ಟ್‌ನ ಕತೆ ಬೇರೆ. ಅಲ್ಲಿ ತಪ್ಪು ಅರ್ಧ ನನ್ನದು, ಅರ್ಧ ಪ್ಲೇಟಿನದು. ಸ್ಪರ್ಧೆಯ ದೊಡ್ಡ ಪ್ಲೇಟಿಗೆ 45 ಸೆಂಟಿಮೀಟರ್ ಅಗಲ, ಹಾಗಾಗಿ ಬಾರ್ ನೆಲದಿಂದ 22 ಸೆಂಟಿಮೀಟರ್ ಚಿಲ್ಲರೆ ಮೇಲಿರುತ್ತದೆ. ನಮ್ಮ ಜಿಮ್ಮಿನ 20 ಕೆಜಿ ಪ್ಲೇಟನ್ನು ಟೇಪ್ ಹಿಡಿದು ಅಳೆದರೆ 38! ಬಾರ್ ಮೂರೂವರೆ ಸೆಂಟಿಮೀಟರ್ ಕೆಳಗೆ. ನನ್ನಂಥ ಉದ್ದನೆಯವನಿಗೆ ಅದು ಗುಂಡಿಯಿಂದ ಎತ್ತಿದ ಹಾಗೆ. ಪ್ಲೇಟಿನ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಇಟ್ಟ ದಿನವೇ ಬೆನ್ನು ಗೂನಾಗುವುದು ನಿಂತಿತು. ಅದೇ ಹುರುಪಿನಲ್ಲಿ, 20 ಕೆಜಿ ಅಂದುಕೊಂಡಿದ್ದ ಬಾರನ್ನೂ ತೂಕದ ಯಂತ್ರದ ಮೇಲೆ ಇಟ್ಟೆ. ಹದಿನಾರೂವರೆ. ನನ್ನ ದಾಖಲೆಗಳೆಲ್ಲ ಒಂದೇ ಏಟಿಗೆ ಮೂರೂವರೆ ಕೆಜಿ ಇಳಿದವು.

ಸುಮೊ ಡೆಡ್‌ಲಿಫ್ಟನ್ನೂ ನೋಡಿದೆ. ಕಾಲು ಅಗಲಿಸಿದರೆ ಬೆನ್ನು ನೆಟ್ಟಗಿರುತ್ತದೆ ಅನ್ನುವುದು ನಿಜ. ನನಗೆ ತೊಡೆಸಂದಿಯಲ್ಲಿ ಚುಚ್ಚಿದ ಹಾಗಾಗುತ್ತಿತ್ತು, ಮೂರು ವಾರಕ್ಕೆ ಬಿಟ್ಟೆ. ಬೇರೆಯವರಿಗೆ ಒಗ್ಗಬಹುದು.

ಉಳಿದದ್ದು ರೊಮೇನಿಯನ್ ಡೆಡ್‌ಲಿಫ್ಟ್. 1984ರ ಒಲಿಂಪಿಕ್ಸ್ ಚಿನ್ನ ಗೆದ್ದ ರೊಮೇನಿಯಾದ ನಿಕು ವ್ಲಾಡ್ ಮಾಡುತ್ತಿದ್ದ ವ್ಯಾಯಾಮ, ಅದಕ್ಕೇ ಆ ಹೆಸರು. ಬಾರನ್ನು ನೆಲಕ್ಕೆ ಮುಟ್ಟಿಸುವುದಿಲ್ಲ. ಮಂಡಿ ಸ್ವಲ್ಪವೇ ಮಡಚಿ, ಕುಂಡೆಯಿಂದ ಹಿಂದಿನ ಬಾಗಿಲು ತಳ್ಳುವ ಹಾಗೆ ಹಿಂದೆ ಹೋಗಬೇಕು. ಬಾರ್ ತೊಡೆಗೆ ಸವರಿಕೊಂಡೇ ಇಳಿಯಬೇಕು. ಮಂಡಿಯಿಂದ ನಾಲ್ಕು ಬೆರಳು ಕೆಳಗೆ ಬಂದಾಗ ತೊಡೆಯ ಹಿಂಭಾಗ ಹಗ್ಗ ಎಳೆದ ಹಾಗೆ ಬಿಗಿಯುತ್ತದೆ. ನನಗೆ ಅಲ್ಲಿಗೆ ಸಾಕು. ಇನ್ನೂ ಇಳಿಸಿದರೆ ಬೆನ್ನೇ ಗೂನಾಗುವುದು.

ಈಗ ಸೋಮವಾರ ಫ್ರಂಟ್ ಸ್ಕ್ವಾಟ್ ಐದೈದರ ನಾಲ್ಕು ಸೆಟ್, ಗುರುವಾರ ರೊಮೇನಿಯನ್ ಎಂಟೆಂಟರ ಮೂರು ಸೆಟ್. ಒಂದು ತೊಡೆಯ ಮುಂಭಾಗಕ್ಕೆ, ಇನ್ನೊಂದು ಹಿಂಭಾಗಕ್ಕೆ, ಒಂದರ ಕೆಲಸಕ್ಕೆ ಇನ್ನೊಂದು ಕೈ ಹಾಕುವುದಿಲ್ಲ. ನೆಲದಿಂದ ಎತ್ತುವ ಡೆಡ್‌ಲಿಫ್ಟ್ ತಿಂಗಳಿಗೆ ಎರಡು ಸಲ, ಮ್ಯಾಟ್ ಮೇಲೆ. ಹೋದ ತಿಂಗಳು ಆಸೆಗೆ ಬಿದ್ದು ಮತ್ತೆ ಬ್ಯಾಕ್ ಸ್ಕ್ವಾಟ್ ಮಾಡಿದೆ, ಹಿಮ್ಮಡಿ ಹಲಗೆ ಮೇಲಿಟ್ಟು. 90 ಕೆಜಿ, ಮೂರು ರೆಪ್. ವಿಡಿಯೊ ನೋಡಿದೆ. ಇನ್ನೂ ಬಾಗುತ್ತೇನೆ, ಆದರೆ ಬಾವಿಯೊಳಗೆ ಇಣುಕುವಷ್ಟು ಅಲ್ಲ.