ತಗ್ಗು ಬಿಟ್ಟು ದಿಣ್ಣೆಗೆ ಹೋದೆವು

ಬೆಂಗಳೂರು ದಕ್ಷಿಣದ ಒಂದು ಹಳೇ ಬಡಾವಣೆ. ಮಳೆನೀರು ಇಂಗಿಸುವ ರೇನ್ ಗಾರ್ಡನ್‌ಗಳಿಗೆ ಅಲ್ಲಿ ಜಾಗ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಲ್ಯಾಪ್‌ಟಾಪ್‌ನಲ್ಲಿ ಮ್ಯಾಪ್ ತೆರೆದು ತಗ್ಗಿದ್ದ ಕಡೆಗೆಲ್ಲ ಕೆಂಪು ಬಳಿದೆ. ರಾಜಕಾಲುವೆ ಪಕ್ಕದ ಪಾರ್ಕು ಎದ್ದು ಕಂಡಿತು. ಜೋರು ಮಳೆ ಬಂದರೆ ಅಲ್ಲಿ ಮೊಣಕಾಲುದ್ದ ನೀರು. ಇಲ್ಲೇ ಮಾಡೋಣ ಅಂದೆ.

ಎರಡಡಿ ಗುಂಡಿ ತೋಡಿಸಿ, ನೀರು ತುಂಬಿಸಿ, ಕಡ್ಡಿಗೆ ಗುರುತು ಹಾಕಿ ಬಂದೆವು. ಮಾರನೇ ದಿನ ನೋಡಿದರೆ ನೀರು ಎರಡು ಬೆರಳಷ್ಟೇ ಇಳಿದಿತ್ತು. ತಳದಲ್ಲಿ ಕಪ್ಪು ಗೋಡುಮಣ್ಣು. ಬಾವಿ ತೋಡುವ ಮಣ್ಣುವಡ್ಡರ ಸಮುದಾಯದ ಹಿರಿಯರೊಬ್ಬರು ಜೊತೆಗಿದ್ದರು. ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ನನ್ನ ಕೈಗಿಟ್ಟರು. "ಕೆರೆ ಅಂಗಳ ಸಾರ್ ಇದು. ನೀರು ನಿಲ್ಲಲಿ ಅಂತಾನೇ ಇರೋ ಜಾಗ. ಇಲ್ಲಿ ಇಂಗು ಅಂದ್ರೆ ಇಂಗುತ್ತಾ?"

ಆಮೇಲೆ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು, ಅಲ್ವಾ? ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 30x40 ಅಡಿ ಸೈಟಿನ ಮೇಲೆ 50 ಮಿ.ಮೀ. ಸುರಿದರೆ ಸುಮಾರು 5,500 ಲೀಟರ್. ಇಪ್ಪತ್ತೇ ಸೈಟಿನ ನೀರು ಇಳಿದು ಬಂದರೂ ಲಕ್ಷ ಲೀಟರ್ ದಾಟುತ್ತದೆ. 3 ಅಡಿ ಅಗಲ, 20 ಅಡಿ ಆಳದ ಇಂಗುಬಾವಿ ಒಮ್ಮೆಗೆ ಹಿಡಿಯುವುದು ಹೆಚ್ಚುಕಮ್ಮಿ 4,000 ಲೀಟರ್. ಕೆಳಗೆ ನಿಂತು ಹಿಡಿಯುವ ನೀರಲ್ಲ ಇದು.

ಹಾಗಾಗಿ ಮೇಲಿನ ರಸ್ತೆಗಳಿಗೆ ಹೋದೆವು. ಅದು ದಿಣ್ಣೆ. ಪಡುವಣಕ್ಕೆ ಬಿದ್ದ ನೀರು ವೃಷಭಾವತಿ ನದಿಗೆ, ಮೂಡಣಕ್ಕೆ ಬಿದ್ದದ್ದು ಬೆಳ್ಳಂದೂರು ಕೆರೆ ಕಡೆಗೆ. ಮಳೆ ಬರುವಾಗಲೇ ನಡೆದು ನೋಡಿದೆವು. ಗುರುತು ಹಾಕಲು ನಾನು ಸೀಮೆಸುಣ್ಣ ಒಯ್ದಿದ್ದೆ. ಮಳೆಯಲ್ಲಿ ಸೀಮೆಸುಣ್ಣ! ಎಲ್ಲರೂ ನಕ್ಕರು.

ಒಂದು ಕಡೆ ಸಾಲು ಹೊಂಗೆ ಮರ. ರಸ್ತೆ ನೀರು ಅಂಚಿನ ಕರ್ಬ್ ಕಲ್ಲಿಗೆ ಒರಸಿಕೊಂಡೇ ಓಡುತ್ತಿತ್ತು, ಬುಡದ ಪಾತಿಗೆ ಒಂದು ತೊಟ್ಟೂ ಹೋಗುತ್ತಿರಲಿಲ್ಲ. ಅರ್ಧ ಅಡಿ ಎತ್ತರದ ಆ ಕಲ್ಲು ಯಾವ ಮ್ಯಾಪ್‌ನಲ್ಲೂ ಇರಲಿಲ್ಲ.

ಅಲ್ಲಿ ಕಲ್ಲು ಒಡೆಸಿ ನೀರಿಗೆ ದಾರಿ ಬಿಡಿಸಿದೆವು. ಬೇರು ಕಡಿಯದಂತೆ ಮರಗಳಿಂದ ದೂರಕ್ಕೆ, ನೀರು ಚೆನ್ನಾಗಿ ಇಳಿದ ಏಳು ಕಡೆ ರೇನ್ ಗಾರ್ಡನ್ ಮಾಡಿದೆವು. ಒಳಚರಂಡಿ (ಯುಜಿಡಿ) ಪೈಪ್ ಇದ್ದ ಎರಡು ಜಾಗ ಬಿಟ್ಟೆವು. ಇನ್ನೊಂದು ಜಾಗ ಕಾರ್ ಪಾರ್ಕಿಂಗ್ ಜಗಳದಲ್ಲಿ ಹೋಯಿತು.

ಕೆಳಗಿನ ಪಾರ್ಕಿನಲ್ಲಿ ಈಗಲೂ ನೀರು ನಿಲ್ಲುತ್ತದೆ, ಮೊದಲಿನಷ್ಟು ಹೊತ್ತು ಇರುವುದಿಲ್ಲ ಅಷ್ಟೇ. ಅಲ್ಲಿಯವರು ನನ್ನನ್ನು ಕಂಡಾಗಲೆಲ್ಲ ಕೇಳುತ್ತಾರೆ: "ಎಲ್ಲಾ ಮೇಲಿನವರಿಗೇ ಮಾಡಿದ್ರಿ, ನಮ್ಮ ಕಡೆ ಯಾವಾಗ ಸಾರ್?"